ಡೌಲು ಬೇರೆ, ಗತ್ತು ಬೇರೆ: ಮಾವನವರು ಮುನಿಸಿಕೊಂಡದ್ದು ಯಾಕೆ?

ಪ್ರಶ್ನೆ: ನಾವು ದಾವಣಗೆರೆಯವರು. ಹೊಸ ಸೊಸೆ ನಿಪ್ಪಾಣಿ ಕಡೆಯವಳು. ಮೊನ್ನೆ ನನ್ನ ಅಣ್ಣ ಇಸ್ತ್ರಿ ಮಾಡಿದ ಬಿಳಿ ಪಂಚೆ, ಜರಿ ಶಲ್ಯ ಹಾಕಿಕೊಂಡು ಊಟಕ್ಕೆ ಬಂದಿದ್ದರು. ಸೊಸೆ ಖುಷಿಯಿಂದ "ಮಾವನವರದು ಏನು ಡೌಲು!" ಅಂದಳು. ಅಣ್ಣನಿಗೆ ಸಿಟ್ಟು ಬಂತು. ಇವತ್ತಿಗೂ ಅವಳ ಜೊತೆ ಸರಿಯಾಗಿ ಮಾತಾಡುತ್ತಿಲ್ಲ. ಅವಳು ಹೊಗಳಿದ್ದೇ ಅನ್ನುತ್ತಾಳೆ. ಜಂಬ, ಡೌಲು, ಬಡಾಯಿ, ಶೋಕಿ, ಧಿಮಾಕು, ಗತ್ತು ಎಲ್ಲಾ ಹೆಚ್ಚೂ ಕಡಿಮೆ ಒಂದೇ ಅಲ್ವಾ? ಇನ್ನೊಂದು ವಿಷಯ. ಮಗಳ ಮಗಳು ಪಿಯುಸಿಯಲ್ಲಿ ಒಳ್ಳೆ ಅಂಕ ತೆಗೆದಿದ್ದಾಳೆ. ನಾಲ್ಕು ಜನಕ್ಕೆ ಹೇಳೋಣ ಅಂದರೆ ಬಡಾಯಿ ಅಂದುಕೊಳ್ಳುತ್ತಾರೇನೋ ಅಂತ ಅಳುಕು. ಹೇಗೆ ಹೇಳಲಿ?

ಉತ್ತರ: ಅಮ್ಮ, ಮೊದಲು ನಿಮ್ಮ ಅಣ್ಣನವರಿಗೆ ಒಂದು ಮಾತು ತಿಳಿಸಿ. ಸೊಸೆ ಹೊಗಳಿದ್ದು ನಿಜ. ಮರಾಠಿಯಲ್ಲಿ 'ಡೌಲ' ಅಂದರೆ ನಿಲುವಿನ ಚೆಂದ, ಘನತೆ. 'ಡೌಲದಾರ' ಅಂದರೆ ನೋಡಿದರೆ ನೋಡುತ್ತಲೇ ಇರಬೇಕು ಅನ್ನಿಸುವ ಹಾಗೆ ಲಕ್ಷಣವಾಗಿರುವುದು. ನಿಪ್ಪಾಣಿ ಗಡಿಯ ಊರು. ಅಲ್ಲಿ ಬೆಳೆದವರ ಕಿವಿಗೆ ಕನ್ನಡವೂ ಬೀಳುತ್ತದೆ, ಮರಾಠಿಯೂ ಬೀಳುತ್ತದೆ. ಮರಾಠಿಯ ಒಳ್ಳೆ ಮಾತನ್ನೇ ಆಕೆ ಕನ್ನಡದಲ್ಲಿ ಆಡಿದ್ದಾರೆ. ನಮ್ಮ ಕಡೆ ಅದೇ ಮಾತು ಕೆಟ್ಟಿದೆ. ದಾವಣಗೆರೆಯಲ್ಲಿ 'ಡೌಲು' ಅಂದರೆ ಹೊರಗೆ ಮಾತ್ರ ಇರುವ ದೊಡ್ಡಸ್ತಿಕೆ. ಕೈಯಲ್ಲಿ ಇಲ್ಲದ್ದನ್ನು ಇದೆ ಅಂತ ತೋರಿಸುವುದು. ಹಾಗಾಗಿ ಅಣ್ಣನವರ ಕಿವಿಗೆ ಬಿದ್ದದ್ದು "ಏನೂ ಇಲ್ಲದಿದ್ದರೂ ಏನು ವೇಷ!" ಅಂತ. ಇಬ್ಬರದೂ ತಪ್ಪಿಲ್ಲ. ಅವರ ಜಾಗದಲ್ಲಿ ಈ ಸೀಮೆಯ ಯಾವ ಹಿರಿಯರಿದ್ದರೂ ಮುನಿಸಿಕೊಳ್ಳುತ್ತಿದ್ದರು.

ಈಗ ದೊಡ್ಡ ಪ್ರಶ್ನೆಗೆ ಬರುತ್ತೇನೆ. ಇವೆಲ್ಲಾ ಒಂದೇ ಅಲ್ಲ. ಒಂದೊಂದರ ಜಾಗ ಬೇರೆ. ಒಂದು ಬಾಯಲ್ಲಿದೆ, ಒಂದು ಜೇಬಿನಲ್ಲಿದೆ, ಒಂದು ನಡಿಗೆಯಲ್ಲಿದೆ, ಇನ್ನೊಂದು ಎದುರಿಗಿರುವವರನ್ನು ನೋಡುವ ಕಣ್ಣಿನಲ್ಲಿದೆ. ಜಾಗ ಯಾವುದು ಅಂತ ತಿಳಿಯಲು ನಾನು ನಿಘಂಟು ನೋಡುವುದಕ್ಕಿಂತ ಮೊದಲು ಜೊತೆಗೆ ಬರುವ ಕ್ರಿಯಾಪದ ನೋಡುತ್ತೇನೆ. ಬಡಾಯಿಯನ್ನು ಕೊಚ್ಚುತ್ತೇವೆ. ಡೌಲು ಹೊಡೆಯುತ್ತೇವೆ. ಶೋಕಿ ಮಾಡುತ್ತೇವೆ. ಧಿಮಾಕು ತೋರಿಸುತ್ತೇವೆ. ಜಂಬ ಪಡುತ್ತೇವೆ. ಸೊಕ್ಕನ್ನು ಮುರಿಯುತ್ತೇವೆ, ಕೊಬ್ಬನ್ನು ಕರಗಿಸುತ್ತೇವೆ, ಪೊಗರು ಇಳಿಸುತ್ತೇವೆ. ಅದಲು ಬದಲು ಮಾಡಿ ನೋಡಿ. "ಶೋಕಿ ಕೊಚ್ಚಿದ" ಅಂತ ಯಾರೂ ಹೇಳುವುದಿಲ್ಲ. "ಬಡಾಯಿ ಕರಗಿಸ್ತೀನಿ" ಅಂತ ಯಾರೂ ಹೆದರಿಸುವುದಿಲ್ಲ. ಮಾತು ಕಲಿತವರಿಗೆ ಇದನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ, ಆದರೂ ತಪ್ಪುವುದಿಲ್ಲ.

ನಿಮ್ಮ ಊರಿನದೇ ಒಂದು ಹೋಟೆಲು ತೆಗೆದುಕೊಳ್ಳೋಣ. ಭಾನುವಾರ ಬೆಳಿಗ್ಗೆ. ಬೆಣ್ಣೆ ದೋಸೆಗೆ ಜನ ಕಾಯುತ್ತಿದ್ದಾರೆ. ಒಂದು ಟೇಬಲ್ಲಿನಲ್ಲಿ ನಾಲ್ಕು ಜನ ಗೆಳೆಯರು ತಿಂದು ಮುಗಿಸಿದ್ದಾರೆ. ಬಿಲ್ಲು ಬಂತು. ಒಬ್ಬ ಜೇಬಿನಿಂದ ನೋಟಿನ ಕಟ್ಟು ತೆಗೆದ. ಬಿಲ್ಲಿಗೆ ಬೇಕಾದಷ್ಟು ಚಿಲ್ಲರೆ ಮೇಲೇ ಕಾಣುತ್ತಿದೆ. ಆದರೂ ಅದನ್ನು ಸರಿಸಿ, ಕಟ್ಟನ್ನೆಲ್ಲ ಅಗಲ ಮಾಡಿ, ಒಳಗಿನಿಂದ ಐನೂರರ ನೋಟು ಹುಡುಕಿ ಎಳೆದ. ಅಷ್ಟು ಹೊತ್ತು ಪಕ್ಕದ ಟೇಬಲ್ಲಿನವರು ನೋಡಬೇಕು. ಅದು ಡೌಲು. ಒಂದು ಮಾತೂ ಆಡಿಲ್ಲ, ಆದರೂ ಡೌಲು ಹೊಡೆದಾಯಿತು. ಅದೇ ಮನುಷ್ಯ ಸಂಜೆ ಮನೆಗೆ ಹೋಗಿ "ಇವತ್ತು ಹದಿನೈದು ಜನಕ್ಕೆ ನಾನೇ ದೋಸೆ ಕೊಡ್ಸಿದೆ" ಅಂದರೆ ಬಡಾಯಿ. ಎರಡನೆಯವನು ಹೊಸ ಕನ್ನಡಕ, ಹೊಸ ಬೂಟು, ಕಂತು ಬಾಕಿ ಇರುವ ಬೈಕಿನ ಬೀಗದ ಕೈಯನ್ನು ಬೆರಳಿಗೆ ಸಿಕ್ಕಿಸಿಕೊಂಡು ತಿರುಗಿಸುತ್ತಿದ್ದಾನೆ. ಅದು ಶೋಕಿ. ಮೂರನೆಯವನು ತನಗಿಂತ ಹಿರಿಯನಾದ ಸಪ್ಲೈಯರಿಗೆ ಚಿಟಿಕೆ ಹೊಡೆದು "ಏಯ್, ನೀರ್ ಇಡಲೇ" ಅಂದ. ಅದು ಧಿಮಾಕು. "ನಾನು ಯಾರ ಮಗ ಅಂತ ಗೊತ್ತೇನಲೇ?" ಅಂತಲೂ ಸೇರಿಸಿದರೆ ಧಿಮಾಕು ದಾಟಿ ದೌಲತ್ತು. ನಾಲ್ಕನೆಯವನು ಸುಮ್ನೆ ತಿಂದು ಕೈ ತೊಳೆದ, ಅವನ ಸುದ್ದಿ ಬಿಡಿ. ಗಲ್ಲಾದ ಮೇಲೆ ಕೂತ ಯಜಮಾನರನ್ನು ನೋಡಿ. ದನಿ ಎತ್ತುವುದಿಲ್ಲ, ಎದ್ದು ನಿಲ್ಲುವುದೂ ಇಲ್ಲ. ಒಂದು ಕಡೆ ಕಣ್ಣು ಹಾಯಿಸಿದರೆ ಆ ಟೇಬಲ್ ಕ್ಷಣದಲ್ಲಿ ಸ್ವಚ್ಛವಾಗುತ್ತದೆ. ಅದು ಗತ್ತು.

ಇವುಗಳಲ್ಲಿ ಬಡಾಯಿ ಗುರುತಿಸಲು ಸುಲಭ. ಅದು ಪೂರ್ತಿ ಬಾಯಿಯ ವ್ಯವಹಾರ. ಕೇಳುವವರು ಬೇಕೇ ಬೇಕು. ಒಳಗೆ ಒಂದಿಷ್ಟು ನಿಜ ಇರುತ್ತದೆ, ಅದನ್ನು ಹಿಗ್ಗಿಸಿರುತ್ತಾರೆ. ನಿಜವೇ ಇಲ್ಲದಿದ್ದರೆ ಅದು ಬೊಗಳೆ. ಬೊಗಳೆಯನ್ನು ಬಿಡುತ್ತಾರೆ, ಕೊಚ್ಚುವುದಿಲ್ಲ. "ಉತ್ತರನ ಪೌರುಷ ಒಲೆಯ ಮುಂದೆ" ಅನ್ನುವ ಗಾದೆ ಬಡಾಯಿಗೇ ಹುಟ್ಟಿದ್ದು. ವಿರಾಟನ ಮಗ ಉತ್ತರಕುಮಾರ ಹೆಂಗಸರ ಎದುರು ಕೌರವರನ್ನು ಬಡಿದು ಹಾಕುತ್ತೇನೆ ಅಂದ. ಸೈನ್ಯ ಕಣ್ಣಿಗೆ ಬಿದ್ದಾಗ ರಥದಿಂದ ಇಳಿದು ಓಡಿದ. ಅವನು ಹೊಡೆದದ್ದು ಡೌಲಲ್ಲ, ಬರೀ ಮಾತು. ಸ್ವಂತದ್ದೇ ಆಗಬೇಕು ಅಂತಲೂ ಇಲ್ಲ. ಊರಿನ ಬಗ್ಗೆ, ಮಗನ ಸಂಬಳದ ಬಗ್ಗೆ, ತಾತನ ಕಾಲದ ಜಮೀನಿನ ಬಗ್ಗೆಯೂ ಬಡಾಯಿ ಕೊಚ್ಚಬಹುದು.

ಡೌಲಿಗೆ ಬೇರೆ ಗಾದೆ ಇದೆ. "ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ." ಕೊಡೆ ಒಂದು ಕಾಲದಲ್ಲಿ ಬರೀ ಬಿಸಿಲಿಗೆ ಹಿಡಿಯುವ ವಸ್ತುವಾಗಿರಲಿಲ್ಲ, ಅಧಿಕಾರದ ಗುರುತಾಗಿತ್ತು. ರಾಜರಿಗೆ ಬೆಳ್ಗೊಡೆ ಹಿಡಿಯುತ್ತಿದ್ದರು. ನಡುರಾತ್ರಿ ಬಿಸಿಲೂ ಇಲ್ಲ, ನೋಡುವವರೂ ಇಲ್ಲ. ಆದರೂ ಹಿಡಿದ. ಹಿಡಿಯುವ ಆಸೆ ಅಷ್ಟು. ಡೌಲಿನಲ್ಲಿ ವಸ್ತು ಮುಖ್ಯ, ವಸ್ತುವಿನ ಉಪಯೋಗ ಮುಖ್ಯವಲ್ಲ.

"ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ" ಅನ್ನುವ ಗಾದೆಯನ್ನೂ ಡೌಲಿಗೇ ಸೇರಿಸುತ್ತಾರೆ. ನಾನು ಒಪ್ಪುವುದಿಲ್ಲ. ಅದು ಶೋಕಿಯ ಗಾದೆ. ಅಲ್ಲಿ ಶ್ರೀಮಂತಿಕೆಯ ನಾಟಕ ಇಲ್ಲ. ಹೂವಿನ ಆಸೆ ಇದೆ, ಅಷ್ಟೆ. ಶೋಕಿ ಬಂದದ್ದು 'ಶೌಕ್' ಅನ್ನುವ ಅರಬ್ಬೀ ಮಾತಿನಿಂದ. ಅದರ ಅರ್ಥ ಆಸೆ, ಒಲವು. ಶೋಕಿ ಮಾಡುವವನು ಮೊದಲು ತನ್ನನ್ನು ಖುಷಿಪಡಿಸಿಕೊಳ್ಳುತ್ತಾನೆ, ಜನ ನೋಡಿದರೆ ಅದು ಲಾಭ. ಅದಕ್ಕೇ ಶೋಕಿಲಾಲನನ್ನು ಬೈಯುವಾಗಲೂ ದನಿಯಲ್ಲಿ ಸ್ವಲ್ಪ ಪ್ರೀತಿ ಇರುತ್ತದೆ. "ಸಾಲ ಮಾಡಿ ಶೋಕಿ ಮಾಡ್ತಾನೆ" ಅಂತ ತಾಯಿ ಬೈಯುತ್ತಾಳೆ, ಆದರೆ ಅವನ ಅಂಗಿಗೆ ಇಸ್ತ್ರಿ ಹಾಕಿ ಕೊಡುವವಳೂ ಅವಳೇ. ಡೌಲಿನವನಿಗೆ ಆ ಪ್ರೀತಿ ಸಿಗುವುದಿಲ್ಲ, ಯಾಕೆಂದರೆ ಡೌಲಿನಲ್ಲಿ ಮೋಸ ಇದೆ.

ಧಿಮಾಕು ಮತ್ತು ದೌಲತ್ತು ಹತ್ತಿರದವು. ಆದರೂ ಒಂದು ಗೆರೆ ಇದೆ. ದೌಲತ್ತು ಅಂದರೆ ಮೂಲದಲ್ಲಿ ಸಂಪತ್ತು, ರಾಜ್ಯ. ಹಾಗಾಗಿ ಅದಕ್ಕೆ ದುಡ್ಡಿನ ಅಥವಾ ಅಧಿಕಾರದ ಬೆಂಬಲ ಬೇಕು. "ಅಪ್ಪನ ದುಡ್ಡಿನ ದೌಲತ್ತು" ಅನ್ನುತ್ತೇವೆ. ಧಿಮಾಕಿಗೆ ಏನೂ ಬೇಡ. ಅದು 'ದಿಮಾಗ್' ಅನ್ನುವ ಮಾತಿನ ಮನೆಯದು, ಅಂದರೆ ತಲೆ, ಮೆದುಳು. ತಲೆಯೊಳಗೆ 'ನಾನು ಮೇಲು' ಅಂತ ಕೂತರೆ ಸಾಕು. ಕಾಸಿಲ್ಲದವನಿಗೂ ಧಿಮಾಕು ಇರಬಹುದು. ಮಾತಾಡಿಸಿದರೆ ಮಾತಾಡದವನಿಗೆ, ನಮಸ್ಕಾರ ಅಂದರೆ ಗದ್ದ ಎತ್ತಿ ಹೋಗುವವನಿಗೆ "ಭಾಳ ಧಿಮಾಕು ಐತಿ ಅವನಿಗೆ" ಅನ್ನುತ್ತಾರೆ ನಿಮ್ಮ ಕಡೆ. ಅವನು ಏನನ್ನೂ ತೋರಿಸಿಕೊಂಡಿಲ್ಲ ನೋಡಿ. ಎದುರಿನವರನ್ನು ಸಣ್ಣದು ಮಾಡಿದ್ದಾನೆ. ಬಡಾಯಿ, ಡೌಲು, ಶೋಕಿಗಳಿಗೆ ನಗಬಹುದು. ಧಿಮಾಕಿಗೆ ನಗು ಬರುವುದಿಲ್ಲ, ನೋವಾಗುತ್ತದೆ. ಯಾರಿಗಾದರೂ ಈ ಮಾತು ಅನ್ನುವ ಮುಂಚೆ ಎರಡು ಸಲ ಯೋಚಿಸಿ ಅನ್ನುತ್ತೇನೆ ನಾನು. ಮಾತು ಕಡಿಮೆ ಇರುವವರಿಗೆ, ನಾಚಿಕೆ ಸ್ವಭಾವದವರಿಗೆ, ಕಿವಿ ಸರಿಯಾಗಿ ಕೇಳದವರಿಗೆ ಈ ಹಣೆಪಟ್ಟಿ ಎಷ್ಟೋ ಸಲ ಸುಮ್ನೆ ಅಂಟಿದೆ.

ಇಲ್ಲಿ ಒಂದು ಸಂಗತಿ ಗಮನಿಸಿ, ನನಗೆ ತುಂಬಾ ಇಷ್ಟವಾದದ್ದು. ಡೌಲು, ದೌಲತ್ತು, ಶೋಕಿ, ಧಿಮಾಕು, ಬಡಾಯಿ ಎಲ್ಲಾ ಹೊರಗಿನಿಂದ ಬಂದವು. ಅರಬ್ಬೀ, ಫಾರಸಿ, ಹಿಂದೂಸ್ತಾನಿ, ಮರಾಠಿ. ತುಮಕೂರು ಕಡೆಯ ಶಿರಾ 1687ರಲ್ಲಿ ಮೊಗಲರ ಸುಬಾ, ಅಂದರೆ ಪ್ರಾಂತ್ಯ ಆಯಿತು. 1779ರಲ್ಲಿ ಚಿತ್ರದುರ್ಗದ ಕೋಟೆ ಹೈದರಾಲಿಯ ಕೈ ಸೇರಿತು. ಮರಾಠರ ದಂಡೂ ಈ ದಾರಿಯಲ್ಲಿ ಓಡಾಡಿದೆ. ದಂಡು, ಕಚೇರಿ, ಸಂತೆ ಇದ್ದಲ್ಲಿ ಇಂಥ ಮಾತುಗಳು ಬೇಗ ಬೇರೂರುತ್ತವೆ. ಇವೆಲ್ಲಾ ದುಡ್ಡು, ಅಂತಸ್ತು, ಅಧಿಕಾರದ ಸುತ್ತ ಸುತ್ತುತ್ತವೆ. ಅಚ್ಚ ಕನ್ನಡದವು ಹಾಗಲ್ಲ. ಸೊಕ್ಕು, ಕೊಬ್ಬು, ಬೀಗು, ಉಬ್ಬು. ಎಲ್ಲಾ ಮೈಗೆ ಸೇರಿದವು. ಬೀಗುವುದು ಅಂದರೆ ಊದಿಕೊಳ್ಳುವುದು. ಕೊಬ್ಬು ಅಂದರೆ ನೆಣ. ಸೊಕ್ಕು ಅಂದರೆ ಮೊದಲು ಅಮಲು, ಮದ. ಮದವೇರಿದ ಆನೆಗೆ ಸೊಕ್ಕಾನೆ ಅನ್ನುತ್ತಿದ್ದರು. ಚಿತ್ರದುರ್ಗದ ನಾಯಕರ 'ಮದಕರಿ' ಅನ್ನುವ ಹೆಸರಿನಲ್ಲಿ ಇರುವುದೂ ಅದೇ ಆನೆ. ಮದ ಅಂದರೆ ಸೊಕ್ಕು, ಕರಿ ಅಂದರೆ ಆನೆ. ಆನೆಗೆ, ಅರಸನಿಗೆ ಅದು ಬಿರುದು. ಮಿಕ್ಕವರಿಗೆ ಬೈಗುಳ.

ಸೊಕ್ಕು, ಕೊಬ್ಬು, ಪೊಗರು ನೇರವಾಗಿ ತೋರಿಕೆಯಲ್ಲ. ತೋರಿಕೆಗೆ ಒಳಗಿನಿಂದ ಒತ್ತು ಕೊಡುವ ಶಕ್ತಿ. ಕೊಬ್ಬು ಒರಟು ಮಾತು. ಜಗಳಕ್ಕೆ ನಿಂತಾಗ ಬಿಟ್ಟು ಬೇರೆ ಕಡೆ ಬಳಸಬೇಡಿ. ಪೊಗರಿಗೆ ವಯಸ್ಸಿನ ವಾಸನೆ ಇದೆ. ಇಪ್ಪತ್ತರ ಹುಡುಗನಿಗೆ ಒಪ್ಪುತ್ತದೆ, ಎಪ್ಪತ್ತರ ತಾತನಿಗೆ ಒಪ್ಪುವುದಿಲ್ಲ.

ಇನ್ನು ಜಂಬ. ಇದು ಎಲ್ಲಕ್ಕಿಂತ ಹಗುರ. ಹೊಸ ಲಂಗ ಹಾಕಿಕೊಂಡು ಕನ್ನಡಿ ಮುಂದೆ ತಿರುಗುವ ಮಗುವಿಗೆ "ಏನು ಜಂಬ ನೋಡು!" ಅನ್ನಬಹುದು. ಬೈದ ಹಾಗೂ ಆಯಿತು, ಮುದ್ದು ಮಾಡಿದ ಹಾಗೂ ಆಯಿತು. 'ಜಂಬದ ಕೋಳಿ' ಅಂದರೂ ಯಾರ ಮನೆಯೂ ಒಡೆಯುವುದಿಲ್ಲ. ಮುಂದೆ 'ಒಣ' ಸೇರಿಸಿದರೆ ಮಾತ್ರ ಚುಚ್ಚುತ್ತದೆ. ಒಣ ಜಂಬ ಅಂದರೆ ಒಳಗೆ ತಿರುಳಿಲ್ಲ ಅಂತ. ಸಂಸ್ಕೃತದ 'ದಂಭ' ನಮ್ಮ ಬಾಯಲ್ಲಿ ಭ ಸವೆದು 'ಜಂಬ' ಆಗಿದೆ. ಅದಕ್ಕೇ ಬ ಸಾಕು, ಭ ಬೇಡ ಅನ್ನುತ್ತೇನೆ ನಾನು, 'ಜಂಭ' ಅಂತ ಬರೆಯುವವರು ಬಹಳ ಜನ ಇದ್ದರೂ. ಅದೇ ದಂಭ ಇನ್ನೊಂದು ದಾರಿಯಲ್ಲಿ ಬಂದು 'ಡಂಭಾಚಾರ', 'ಡಾಂಭಿಕ' ಆಗಿದೆ. ಅದು ಹಗುರದ ಮಾತಲ್ಲ. ಇಲ್ಲದ ಭಕ್ತಿ, ಇಲ್ಲದ ಒಳ್ಳೆಯತನ ತೋರಿಸುವವನು ಡಾಂಭಿಕ. ಮಗುವಿಗೆ ಜಂಬ ಇರಬಹುದು, ಮಗು ಡಾಂಭಿಕ ಆಗಲಾರದು.

ಹೊಸ ಸೊಸೆಯ ಮಾತು ಬಂದಿದ್ದರಿಂದ ಮದುವೆ ಮನೆಯ ಆಡಂಬರದ ಬಗ್ಗೆಯೂ ಒಂದೆರಡು ಮಾತು. ಇದು ಮನುಷ್ಯನಿಗಿಂತ ಸಮಾರಂಭಕ್ಕೆ ಅಂಟುವ ಮಾತು, ಬರವಣಿಗೆಯಲ್ಲಿ ಜಾಸ್ತಿ. ಸಂಸ್ಕೃತದಲ್ಲಿ ಆಡಂಬರ ಅಂದರೆ ಒಂದು ಬಗೆಯ ನಗಾರಿ. ಸದ್ದು ಮಾಡುವುದೇ ಅದರ ಕೆಲಸ. ನಿಮ್ಮ ಮನೆಯ ಮದುವೆಯನ್ನು ಹೊಗಳುವವರು 'ಅದ್ದೂರಿ' ಅನ್ನುತ್ತಾರೆ. ಹಿಂದಿನಿಂದ ಆಡಿಕೊಳ್ಳುವವರು 'ಆಡಂಬರ' ಅನ್ನುತ್ತಾರೆ. ಖರ್ಚು ಅಷ್ಟೇ, ಊಟವೂ ಅದೇ. ದಾವಣಗೆರೆ, ಚಿತ್ರದುರ್ಗದ ಕಡೆ ಸಾಮೂಹಿಕ ಮದುವೆಗಳ ವೇದಿಕೆಯಲ್ಲಿ "ಆಡಂಬರ ಬೇಡ" ಅಂತ ಭಾಷಣ ಕೇಳಿರುತ್ತೀರಿ. ಅಲ್ಲಿ "ಡೌಲು ಬೇಡ" ಅಂದಿದ್ದರೆ ಕೂತವರಿಗೆಲ್ಲ ಮುಖಕ್ಕೆ ಹೊಡೆದ ಹಾಗಾಗುತ್ತಿತ್ತು. ಆಡಂಬರ ಪದ್ಧತಿಯನ್ನು ಬೈಯುತ್ತದೆ, ಡೌಲು ಮನುಷ್ಯನನ್ನು ಬೈಯುತ್ತದೆ.

'ಮೆರೆ' ಇನ್ನೂ ಸೂಕ್ಷ್ಮ. "ದುರ್ಗದಲ್ಲಿ ನಾಯಕರು ಮೆರೆದರು" ಅಂದರೆ ಗೌರವ. "ಈಗ ಮೆರೀತಾನೆ, ಎಷ್ಟು ದಿನ ನೋಡೋಣ" ಅಂದರೆ ಶಾಪ. ಹಳೆಯ ಕಾಲದವರು ಮೆರೆದರೆ ಹೊಗಳಿಕೆ, ಕಣ್ಣೆದುರಿನವನು ಮೆರೆದರೆ ತೆಗಳಿಕೆ. ದೇವರು ಮಾತ್ರ ಯಾವಾಗ ಮೆರೆದರೂ ಸರಿ. ಮೆರವಣಿಗೆ ಅನ್ನುವ ಮಾತು ಹುಟ್ಟಿದ್ದೂ ಇದರಿಂದಲೇ.

ಗತ್ತಿನ ಬಗ್ಗೆ ಎಚ್ಚರ ಬೇಕು. "ಅವರಿಗೆ ಒಂದು ಗತ್ತಿದೆ" ಅಂದರೆ ಮೆಚ್ಚುಗೆ. "ಗತ್ತು ತೋರಿಸ್ತಾರೆ" ಅಂದರೆ ದೂರು. ಇರುವುದಕ್ಕೂ ತೋರಿಸುವುದಕ್ಕೂ ಅಷ್ಟು ವ್ಯತ್ಯಾಸ. ಠೀವಿಗೆ ಆ ಭಯ ಇಲ್ಲ. ಠೀವಿ ಯಾವಾಗಲೂ ಹೊಗಳಿಕೆ. ನಿಮ್ಮ ಸೊಸೆ ಅಂದು ಹುಡುಕುತ್ತಿದ್ದ ಕನ್ನಡದ ಮಾತು ಅದೇ.

ಇಲ್ಲಿ ಒಂದು ವಿಷಯ ಹೇಳದೆ ಮುಂದೆ ಹೋಗಲಾರೆ. ಬಿಂಕ, ಬಿನ್ನಾಣ, ವಯ್ಯಾರ ಅನ್ನುವ ಮಾತುಗಳನ್ನು ಹೆಚ್ಚಾಗಿ ಹೆಂಗಸರಿಗೇ ಅಂಟಿಸಿದ್ದೇವೆ. ಬಿನ್ನಾಣ ಹುಟ್ಟಿದ್ದು 'ವಿಜ್ಞಾನ' ಅನ್ನುವ ಮಾತಿನಿಂದ. ಹಳಗನ್ನಡದಲ್ಲಿ ಅದಕ್ಕೆ ಜಾಣ್ಮೆ, ಕೈಚಳಕ ಅನ್ನುವ ಅರ್ಥ ಇತ್ತು. ಅದು ಸವೆದು ಸವೆದು ಹೆಣ್ಣಿನ ನಡಿಗೆಗೆ ಬಂದು ನಿಂತಿದೆ. ಬಿಂಕ ಅಂದರೆ ಬೇಕು ಅನ್ನಿಸಿದರೂ ಬೇಡದವರ ಹಾಗೆ ಇರುವುದು. ಗಂಡ ಹೆಂಡತಿಯ ನಡುವೆ, ಅತ್ತಿಗೆ ನಾದಿನಿಯರ ತಮಾಷೆಯಲ್ಲಿ ಇದು ಚೆಂದದ ಮಾತು. ಆದರೆ ಕಚೇರಿಯಲ್ಲಿ ಗಟ್ಟಿಯಾಗಿ, ಕಡಿಮೆ ಮಾತಾಡಿ ಕೆಲಸ ಮಾಡಿಸುವ ಗಂಡಸಿಗೆ 'ಗತ್ತು' ಅಂದು, ಅದೇ ಕೆಲಸ ಮಾಡುವ ಹೆಂಗಸಿಗೆ 'ಬಿಂಕ', 'ಧಿಮಾಕು' ಅನ್ನುವುದು ಅನ್ಯಾಯ. ನಡೆ ಒಂದೇ ಆದರೆ ಮಾತೂ ಒಂದೇ ಆಗಬೇಕು. ಆಕೆಗೂ ಗತ್ತಿದೆ ಅನ್ನಿ.

ಹುಡುಗರ ಹೊಸ ಮಾತುಗಳಲ್ಲಿ 'ಬಿಲ್ಡಪ್' ನಿಜವಾಗಿಯೂ ಒಂದು ಖಾಲಿ ಜಾಗ ತುಂಬಿದೆ. ಬಡಾಯಿಯನ್ನು ನಾವೇ ಕೊಚ್ಚಬೇಕು. ಬಿಲ್ಡಪ್ಪನ್ನು ನಮ್ಮ ಪರವಾಗಿ ಗೆಳೆಯರು ಕೊಡಬಹುದು. 'ಹವಾ' ಇನ್ನೂ ಒಂದು ಹೆಜ್ಜೆ ಮುಂದೆ, ಅದನ್ನು ಊರೇ ಎಬ್ಬಿಸಬೇಕು. 'ಸ್ಕೋಪ್ ತಗೊಳ್ಳೋದು', ಅಂದರೆ ಎಲ್ಲರೂ ನೋಡಲಿ ಅಂತ ಪೋಸು ಕೊಡೋದು, ಎಷ್ಟು ದಿನ ಉಳಿಯುತ್ತದೋ ನೋಡೋಣ.

ಈಗ ನಿಮ್ಮ ಮೊಮ್ಮಗಳ ವಿಷಯ. ಹೆಮ್ಮೆ ಮತ್ತು ಬಡಾಯಿ ಹುಟ್ಟಿನಲ್ಲಿ ಒಂದೇ ಅರ್ಥದವು. ಹಳಗನ್ನಡದ 'ಪೆರ್ಮೆ' ಹೆಮ್ಮೆ ಆಯಿತು, ಅಂದರೆ ಹಿರಿಮೆ, ದೊಡ್ಡತನ. ಹಿಂದಿಯ 'ಬಡಾಯಿ'ಗೂ ದೊಡ್ಡತನ ಅಂತಲೇ ಅರ್ಥ, ಅಲ್ಲಿ ಇವತ್ತಿಗೂ ಹೊಗಳಿಕೆಗೆ ಆ ಮಾತು ನಡೆಯುತ್ತದೆ. ಕನ್ನಡಕ್ಕೆ ಬಂದು ಬಡಾಯಿ ಬೈಗುಳವಾಯಿತು. ಹೆಮ್ಮೆ ಒಳ್ಳೆಯದಾಗಿ ಉಳಿಯಿತು. ಈ ಗುಂಪಿನಲ್ಲಿ ನಮ್ಮ ಬಗ್ಗೆ ನಾವೇ ಮುಜುಗರ ಇಲ್ಲದೆ ಹೇಳಿಕೊಳ್ಳಬಹುದಾದ ಮಾತು ಹೆಮ್ಮೆ ಒಂದೇ. "ನನಗೆ ಧಿಮಾಕು" ಅಂತ ಯಾರೂ ಅನ್ನುವುದಿಲ್ಲ. "ನನಗೆ ಹೆಮ್ಮೆ" ಅಂತ ಎಲ್ಲರೂ ಅನ್ನಬಹುದು.

ಆದರೆ ಹೆಮ್ಮೆಗೂ ಅಳತೆ ಇದೆ. ನಡೆದದ್ದನ್ನು ನಡೆದಷ್ಟೇ ಹೇಳಿದರೆ 'ಹೇಳಿಕೊಳ್ಳುವುದು'. ಕೇಳದವರನ್ನು ಹಿಡಿದು ನಿಲ್ಲಿಸಿ, ಪಕ್ಕದ ಮನೆ ಮಕ್ಕಳ ಅಂಕದ ಜೊತೆ ತೂಗಿ ಹೇಳಿದರೆ 'ಕೊಚ್ಚಿಕೊಳ್ಳುವುದು'. ಹೋಲಿಕೆ ಬಂದ ತಕ್ಷಣ ಕೇಳುವವರ ಮನಸ್ಸು ಮುಚ್ಚಿಕೊಳ್ಳುತ್ತದೆ. ಹಾಗಾಗಿ ಹೋಲಿಸಬೇಡಿ. "ನಮ್ಮ ಮೊಮ್ಮಗಳು ಪಾಸಾದಳು, ಒಳ್ಳೆ ಅಂಕ ಬಂದಿದೆ, ತುಂಬಾ ಕಷ್ಟಪಟ್ಟಿದ್ದಳು, ನನಗೆ ಖುಷಿ" ಅನ್ನಿ. ಅಂಕ ಎಷ್ಟು ಅಂತ ಅವರೇ ಕೇಳಿದರೆ ಸರಿಯಾಗಿ ಹೇಳಿ, ಒಂದೂ ಹೆಚ್ಚಿಸಬೇಡಿ, ಸಂಕೋಚಪಟ್ಟು ಕಡಿಮೆಯನ್ನೂ ಮಾಡಬೇಡಿ. ಎಷ್ಟೋ ಅಜ್ಜಿಯರು ದೃಷ್ಟಿಯಾದೀತು ಅಂತ ಮಗುವಿನ ಎದುರೇ "ಏನೋ ಒಂದು ಪಾಸಾಗಿದ್ದಾಳೆ ಬಿಡಿ" ಅಂದುಬಿಡುತ್ತಾರೆ. ಅದನ್ನು ಮಾಡಬೇಡಿ. ಪಕ್ಕದಲ್ಲಿ ನಿಂತ ಹುಡುಗಿ ಅದನ್ನು ಕೇಳಿಸಿಕೊಂಡಿರುತ್ತಾಳೆ.